ಜಾನ್, ಸಾರಾ ಮತ್ತು ಅವರ ಮೇಲೆ ಪದ್ಯ ಕಟ್ಟಿದವರು

1718ರ ಜುಲೈ 31. ಇಂಗ್ಲೆಂಡಿನಲ್ಲಿ, ಆಕ್ಸ್‌ಫರ್ಡ್‌ಗೆ ಹತ್ತಿರದ ಸ್ಟ್ಯಾಂಟನ್ ಹಾರ್ಕೋರ್ಟ್ ಅನ್ನೋ ಹಳ್ಳಿ. ಬಾರ್ಲಿ ಕೊಯ್ಲು ನಡೆದಿತ್ತು. ಮಧ್ಯಾಹ್ನ ಎರಡು, ಮೂರು ಗಂಟೆ ಹೊತ್ತಿಗೆ ಮೋಡ ಕಟ್ಟಿತು, ಗುಡುಗು ಶುರುವಾಯಿತು. ಆಳುಗಳೆಲ್ಲ ಮರ, ಬೇಲಿ ಅಂತ ಸಿಕ್ಕ ಕಡೆ ಓಡಿದರು. ಸಾರಾ ಡ್ರೂ ಹೆದರಿ ಬಾರ್ಲಿ ಗುಡ್ಡೆಯ ಮೇಲೆ ಕುಸಿದಳು. ಜಾನ್ ಹ್ಯೂಯೆಟ್ ಅವಳನ್ನು ಬಿಟ್ಟು ಹೋಗಲಿಲ್ಲ. ಇನ್ನೆರಡು ಮೂರು ಗುಡ್ಡೆ ಎಳೆದು ತಂದು ಅವಳಿಗೆ ಮರೆ ಮಾಡಿದ. ಸಿಡಿಲು ಅಲ್ಲೇ ಬಡಿಯಿತು. ಜನ ಬಂದು ನೋಡಿದಾಗ ಅವನ ಒಂದು ಕೈ ಅವಳ ಕೊರಳ ಸುತ್ತ ಇತ್ತು, ಇನ್ನೊಂದು ಮುಖಕ್ಕೆ ಅಡ್ಡ. ಅವಳ ಎಡ ಹುಬ್ಬು ಸ್ವಲ್ಪ ಸುಟ್ಟಿತ್ತು. ಅವರ ಮದುವೆ ಮುಂದಿನ ವಾರ ಆಗಬೇಕಿತ್ತು. ಮಾರನೇ ದಿನ ಇಬ್ಬರನ್ನೂ ಒಂದೇ ಗುಂಡಿಯಲ್ಲಿ ಹೂಳಿದರು.

ಆ ಊರಿನ ಸೇಂಟ್ ಮೈಕೇಲ್ ಚರ್ಚಿನ ಗೋಡೆಯಲ್ಲಿ ಇವರ ಹೆಸರಿನ ಕಲ್ಲು ಇವತ್ತಿಗೂ ಇದೆ. ಅದರಲ್ಲಿ ಒಂದು ಪದ್ಯವೂ ಇದೆ. ಬರೆದವನು ಅಲೆಕ್ಸಾಂಡರ್ ಪೋಪ್, ಆ ಕಾಲದ ಇಂಗ್ಲಿಷಿನ ದೊಡ್ಡ ಕವಿ. ಕೂಲಿಯಾಳುಗಳ ಗೋರಿಗೆ ಅಂಥ ಕವಿ ಹೇಗೆ ಬಂದ? ಅವನು ಆಗ ಅದೇ ಊರಲ್ಲಿದ್ದ. ಚರ್ಚಿನ ಪಕ್ಕದಲ್ಲೇ ಊರ ಒಡೆಯ ಲಾರ್ಡ್ ಹಾರ್ಕೋರ್ಟನ ಗೋಪುರದಂಥ ಕಟ್ಟಡ. ಅಲ್ಲಿ ಕೂತು ಗ್ರೀಕ್ ಕವಿ ಹೋಮರನ ಕಾವ್ಯವನ್ನು ಇಂಗ್ಲಿಷಿಗೆ ತರುತ್ತಿದ್ದ. ಐದನೇ ಸಂಪುಟ ಮುಗಿದಾಗ ಅದನ್ನು ಕಿಟಕಿ ಗಾಜಿನ ಮೇಲೆ ಗೀಚಿಯೂ ಇಟ್ಟ. ತನ್ನ ಹೆಸರು ಉಳಿಸಿಕೊಳ್ಳುವುದು ಗೊತ್ತಿದ್ದ ಮನುಷ್ಯ.

ಸಿಡಿಲು ಬಡಿಯದಿದ್ದರೆ ಈ ಇಬ್ಬರ ಗತಿ ಏನಾಗುತ್ತಿತ್ತು ಅಂತ ಯೋಚನೆ ಮಾಡಿ. ಇಂಗ್ಲೆಂಡಿನ ಚರ್ಚುಗಳು ಊರವರ ದೀಕ್ಷಾಸ್ನಾನ, ಮದುವೆ, ಸಾವು ಬರೆದಿಡಬೇಕು ಅಂತ 1538ರಲ್ಲೇ ಆಜ್ಞೆ ಆಗಿತ್ತು. ಹಾಗಾಗಿ ಮೂರು ಸಾಲು ಖಂಡಿತ ಸಿಗುತ್ತಿತ್ತು. ಅಷ್ಟೇ. ಮದುವೆ ಪುಸ್ತಕದಲ್ಲಿ ಗಂಡು ಹೆಣ್ಣು ಸಹಿಯನ್ನೋ ಗೀಟನ್ನೋ ಹಾಕುವ ನಿಯಮ ಬಂದದ್ದು 1754ಕ್ಕೆ. ಸರ್ಕಾರವೇ ಜನನ ಮರಣ ನೋಂದಾಯಿಸಲು ಶುರು ಮಾಡಿದ್ದು 1837ರಲ್ಲಿ. ಮನೆಮನೆಯವರ ಹೆಸರು ಬರೆದಿಟ್ಟ ಜನಗಣತಿ ಸಿಗುವುದು 1841ರಿಂದ. ಜಾನ್ ಮತ್ತು ಸಾರಾ ಇವೆಲ್ಲಕ್ಕಿಂತ ಎಷ್ಟೋ ಮೊದಲಿನವರು. ಮಕ್ಕಳಿಲ್ಲ, ಆದ್ದರಿಂದ ಅಜ್ಜ ಅಜ್ಜಿ ಯಾರು ಅಂತ ಹುಡುಕಿಕೊಂಡು ಬರುವ ಮರಿಮಕ್ಕಳೂ ಇಲ್ಲ.

ಅವರ ಬದುಕಿನ ಬಗ್ಗೆ ನಮಗೆ ಸಿಗುವುದೆಲ್ಲ ಪೋಪ್ ಮತ್ತು ಅವನ ಜೊತೆಗಿದ್ದ ಕವಿ ಜಾನ್ ಗೇ ಬರೆದ ಪತ್ರಗಳಿಂದ. ಇಲ್ಲೇ ನನ್ನ ತಕರಾರು ಇರುವುದು. ಒಂದೇ ಕಥೆಯನ್ನು ಬೇರೆ ಬೇರೆಯವರಿಗೆ, ಸ್ವಲ್ಪ ಅಲ್ಲಿ ಇಲ್ಲಿ ತಿದ್ದಿ ಕಳಿಸಿದ್ದಾರೆ. ಒಂದು ಪತ್ರದಲ್ಲಿ ಸಾರಾಳಿಗೆ ಹದಿನೆಂಟು. ಇನ್ನೊಂದರಲ್ಲಿ ಜಾನ್‌ನಷ್ಟೇ ವಯಸ್ಸು, ಅಂದರೆ ಇಪ್ಪತ್ತೈದರ ಆಸುಪಾಸು. ಒಂದೇ ಹುಡುಗಿ ರೀ!

ಹಾಗಂತ ಎಲ್ಲವನ್ನೂ ತೆಗೆದು ಹಾಕುವ ಹಾಗೂ ಇಲ್ಲ. ಸಾರಾ ಹಾಲು ಕರೆಯುವಾಗ ಬೆಳಿಗ್ಗೆ ಸಂಜೆ ಹಸುಗಳನ್ನು ಅವಳ ಹತ್ತಿರಕ್ಕೆ ಹೊಡೆದು ತರುತ್ತಿದ್ದವನು ಜಾನ್. ಹಿಂದಿನ ಜಾತ್ರೆಯಲ್ಲಿ ಅವಳ ಹುಲ್ಲಿನ ಟೋಪಿಗೆ ಹಸಿರು ರೇಷ್ಮೆ ಕೊಡಿಸಿದ್ದ. ಅವಳ ಬೆಳ್ಳಿ ಉಂಗುರದ ಮೇಲಿನ ಮಾತು ಅವನೇ ಆರಿಸಿದ್ದು. ಅವಳ ಅಪ್ಪ ಅಮ್ಮ ಮದುವೆಗೆ ಒಪ್ಪಿದ್ದು ಅದೇ ದಿನ ಬೆಳಿಗ್ಗೆ. ಇವನ್ನು ನಾನು ನಂಬುತ್ತೇನೆ. ಯಾರೋ ಊರವರು ಹೇಳಿದ್ದನ್ನು ಕೇಳಿಸಿಕೊಂಡು ಬರೆದ ಹಾಗಿದೆ. ಆದರೆ ಕೆಲಸದ ನಡುವೆ ಜಾನ್ ಗಸಗಸೆ ಹೂ, ಕಾಡುಹೂ ಹಿಡಿದು ಅವಳ ಮೈಬಣ್ಣಕ್ಕೆ ಯಾವುದು ಒಪ್ಪುತ್ತದೆ ಅಂತ ನೋಡುತ್ತಿದ್ದ ಅನ್ನುವುದೂ ಅದರಲ್ಲೇ ಬರುತ್ತದೆ. ಆ ಮಾತಿನ ಮುಂದೆ ಮಾತ್ರ ‘ಬಹುಶಃ’ ಅಂತಿದೆ. ಅದು ಹೊಲದಲ್ಲಿ ಬೆಳೆದ ಹೂವಲ್ಲ, ಗೋಪುರದಲ್ಲಿ ಬೆಳೆದದ್ದು.

ಕಲ್ಲಿಗೆ ಪೋಪ್ ಮೊದಲು ಬರೆದ ಪದ್ಯ ಬೇರೆಯೇ ಇತ್ತು. ಅದು ನಮ್ಮ ಕಡೆಯಿಂದ ಶುರುವಾಗುತ್ತದೆ. ಪೂರ್ವ ದೇಶದಲ್ಲಿ ನಿಷ್ಠಾವಂತ ಹೆಂಗಸು ಗಂಡನ ಚಿತೆ ಏರುತ್ತಾಳೆ, ಇಲ್ಲಿ ದೇವರು ಕರುಣೆ ತೋರಿ ಇಬ್ಬರನ್ನೂ ಒಟ್ಟಿಗೆ ಸುಟ್ಟ ಅನ್ನುವ ಧಾಟಿ. ಹಳ್ಳಿಯವರಿಗೆ ಇದು ತಿಳಿಯುವುದಿಲ್ಲ ಅಂತ ಲಾರ್ಡ್ ಹಾರ್ಕೋರ್ಟ್ ಅಡ್ಡಬಂದ. ಆಮೇಲೆ ಪೋಪ್ ದೈವಭಕ್ತಿಯ ಇನ್ನೊಂದು ಪದ್ಯ ಬರೆದುಕೊಟ್ಟ.

ಬೇಡ ಅಂದದ್ದು ಒಳ್ಳೆಯದೇ ಆಯಿತು. ಚಿತೆಯನ್ನು ದೂರದಿಂದ ಹೊಗಳುವುದು ಸುಲಭ. ನಮ್ಮ ಊರುಗಳಲ್ಲಿ ಮಾಸ್ತಿಕಲ್ಲುಗಳಿವೆ, ಹಾಗೆ ಚಿತೆ ಏರಿದವರ ನೆನಪಿಗೆ ನೆಟ್ಟವು. ಬಳೆ ತೊಟ್ಟ, ಮೇಲೆತ್ತಿದ ಕೈ, ಬೆರಳ ನಡುವೆ ನಿಂಬೆಹಣ್ಣು. ಎಷ್ಟೋ ಕಲ್ಲುಗಳ ಮೇಲೆ ಆ ಹೆಂಗಸಿನ ಹೆಸರೇ ಇಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನ ಇದೆ, ದೇಕಬ್ಬೆಯದು. ಗಂಡ ಏಚ ಸತ್ತ ಸುದ್ದಿ ಕೇಳಿ ಬೆಂಕಿಗೆ ಹೋದವಳು. ಅದೂ ಹೊಗಳಿಕೆಯ ಪದ್ಯವೇ. ಆದರೆ ಅಪ್ಪ ಅಮ್ಮ ಬೇಡ ಅಂತ ತಡೆದರು ಅನ್ನುವುದನ್ನು ಅದನ್ನು ಬರೆದವನು ಬಿಟ್ಟಿಲ್ಲ. ಅಷ್ಟು ಸಾಕು, ಒಂದು ಮನೆ ಕಣ್ಣಿಗೆ ಕಾಣುತ್ತದೆ. ಪೋಪ್ ಕಲ್ಲಿನಲ್ಲಿ ಅಂಥ ಮನೆ ಇಲ್ಲ. ಪತ್ರದಲ್ಲಂತೂ ಅವನು ಇನ್ನೂ ಮುಂದೆ ಹೋಗಿದ್ದಾನೆ. ಇವರಿಗೆ ಒಟ್ಟಿಗೆ ಬದುಕುವುದು ಬಿಟ್ಟರೆ ಹೀಗೆ ಸಾಯುವುದೇ ದೊಡ್ಡ ಸುಖ ಅಂತೆ. ಸಾರಾಳ ಅಮ್ಮನನ್ನು ಕೇಳಿದ್ದನಾ?

ಈ ಪತ್ರ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ಅವರಿಗೂ ಹೋಯಿತು. ತುರ್ಕಿಯಲ್ಲಿ ಮಗನಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿ, ಆಮೇಲೆ ಅದನ್ನು ಇಂಗ್ಲೆಂಡಿಗೆ ಪರಿಚಯಿಸಿದ ಹೆಂಗಸು. ಗಟ್ಟಿಗಿತ್ತಿ. ಅವರ ಉತ್ತರ ಓದಿ ನಗು ಬಂತು. ಇಪ್ಪತ್ತೈದರ ಗಂಡು ಹದಿನೆಂಟರ ಹುಡುಗಿಯನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯ ಏನಿದೆ? ಮಳೆಗೆ ಮರೆ ಮಾಡಿದ್ದೂ ಸಹಜ, ತನ್ನ ಕುದುರೆ ಆಗಿದ್ದರೂ ಮಾಡುತ್ತಿದ್ದ. ಜೊತೆಗೆ ತಮ್ಮದೇ ಪದ್ಯ ಬೇರೆ. ಇನ್ನೊಂದು ವರ್ಷ ಬದುಕಿದ್ದರೆ ಅವನು ಹೊಡೆಯುತ್ತಿದ್ದ, ಅವಳು ಬೇರೆಯವನ ಜೊತೆ ಹೋಗುತ್ತಿದ್ದಳು, ಸತ್ತದ್ದೇ ವಾಸಿ, ಪೋಪ್ ಪದ್ಯವಾದರೂ ಸಿಕ್ಕಿತು!

ಪೋಪ್‌ಗೆ ಇದು ಬೇಕಿತ್ತು, ಸರಿ. ಆದರೆ ಇವರೂ ಆ ಇಬ್ಬರನ್ನು ತಮ್ಮ ಮಾತಿಗೆ ಬಳಸಿಕೊಂಡರು, ಅಲ್ವಾ? ಒಬ್ಬ ದೇವತೆ ಮಾಡಿದ, ಇನ್ನೊಬ್ಬರು ಜಗಳಗಂಟರನ್ನು ಮಾಡಿದರು. ಆ ಹೊಲದಲ್ಲಿ ಕೂಲಿ ಎಷ್ಟು, ಮದುವೆಯಾದ ಮೇಲೆ ಎಲ್ಲಿರಬೇಕು ಅಂತಿದ್ದರು, ಯಾರೂ ಕೇಳಲಿಲ್ಲ.

ನನ್ನನ್ನು ಕೇಳಿದರೆ ಆ ಇಬ್ಬರ ಬಗ್ಗೆ ಊರು ಆಡಿದ ಮಾತು ಒಂದೇ, ಆ ಗುಂಡಿ. ಇನ್ನೂ ಮದುವೆ ಆಗದವರು. ಬೇರೆ ಬೇರೆ ಹೂಳಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಒಟ್ಟಿಗೆ ಇಡಬೇಕಾದರೆ ಎರಡು ಮನೆಯವರು ಒಪ್ಪಿರಬೇಕು, ಪಾದ್ರಿ ತಲೆಯಾಡಿಸಿರಬೇಕು. ಅದೂ ಒಂದೇ ರಾತ್ರಿ ಕಳೆಯುವುದರೊಳಗೆ, ಲಾರ್ಡ್ ಕಲ್ಲು ಹಾಕಿಸುವ ಮೊದಲೇ. ಇದು ನನ್ನ ಊಹೆ, ಆದರೆ ಗಸಗಸೆ ಹೂವಿಗಿಂತ ಗಟ್ಟಿ ಊಹೆ.

ನಿಮ್ಮೂರಿನ ಮಾಸ್ತಿಕಲ್ಲಿನ ಮೇಲೆ, ಇಲ್ಲಾ ಹಳೇ ಗೋರಿಯ ಮೇಲೆ, ಅಪ್ಪ ಅಮ್ಮನದೋ ನೆರೆಯವರದೋ ಇಂಥ ಒಂದು ಮಾತು ಇದ್ದರೆ ಬರೆಯಿರಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.