ಸ್ಪಷ್ಟನೆ: ಯಾರ್ಕ್‌ನಲ್ಲಿ ಬ್ಲೂ ಬ್ಯಾಡ್ಜ್ ಪಾರ್ಕಿಂಗ್

ಬ್ಲೂ ಬ್ಯಾಡ್ಜ್ ಎಂದರೆ ಅಂಗವಿಕಲರಿಗೆ ಕೊಡುವ ಪಾರ್ಕಿಂಗ್ ಪರವಾನಗಿ. ‘ಬ್ಲೂ ಬ್ಯಾಡ್ಜ್ ಇದ್ದರೆ ಯಾರ್ಕ್‌ನಲ್ಲಿ ಹಳದಿ ಗೆರೆ ಮೇಲೆ ದಿನವಿಡೀ ಕಾರು ನಿಲ್ಲಿಸಬಹುದು’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಹಳದಿ ಗೆರೆ ಎಂದರೆ ಕಾರು ನಿಲ್ಲಿಸದಂತೆ ರಸ್ತೆಯಂಚಿನಲ್ಲಿ ಹಾಕಿದ ಗೆರೆ; ಇಂಗ್ಲೆಂಡಿನ ಬ್ಲೂ ಬ್ಯಾಡ್ಜ್ ನಿಯಮದಲ್ಲಿ ಅದರ ಮೇಲೆ ನಿಲ್ಲಿಸಲು ಮಿತಿ 3 ಗಂಟೆ. ಸ್ಕಾಟ್ಲೆಂಡಿನಲ್ಲಿ ಈ ಮಿತಿಯಿಲ್ಲ, ಗೊಂದಲ ಅಲ್ಲಿಂದ ಬಂದಿರಬಹುದು. ಬ್ಯಾಡ್ಜ್ ಜೊತೆ ಕೊಡುವ ಗಡಿಯಾರದಲ್ಲಿ ಬಂದ ಹೊತ್ತು ತಿರುಗಿಸಿ, ಎರಡನ್ನೂ ಹೊರಗಿನಿಂದ ಓದಲು ಬರುವಂತೆ ಡ್ಯಾಶ್‌ಬೋರ್ಡ್ ಮೇಲಿಡಿ.

ಕಾಲುದಾರಿಯ ಅಂಚುಕಲ್ಲಿನ ಮೇಲೂ ಎರಡೆರಡು ಹಳದಿ ಗೀಟುಗಳಿದ್ದರೆ ಯಾವ ಹೊತ್ತಿಗೂ ನಿಲ್ಲಿಸುವಂತಿಲ್ಲ. ಒಂದೊಂದೇ ಇದ್ದರೆ ಪಕ್ಕದ ಫಲಕದಲ್ಲಿ ಸಮಯ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಅಜ್ಜಿಯ ಬ್ಯಾಡ್ಜನ್ನು ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಬಳಸಿದರೆ ದಂಡ 1,000 ಪೌಂಡ್‌ವರೆಗೆ.

ಆ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ.