ಅಗ್ಗದ ನೆಟ್‌ಬುಕ್ಕನ್ನು ಎಸೆಯಿರಿ ಎನ್ನುವ ಮೊದಲು

ರಿಪೇರಿ ಅಂಗಡಿಗೆ ದುಬಾರಿ ಲ್ಯಾಪ್‌ಟಾಪ್ ಹೋದರೆ ಅದರ ತಳ ಬಿಚ್ಚುತ್ತಾರೆ, ರ‍್ಯಾಮ್ ಕಳಚಿ ಒರೆಸಿ ಹಾಕುತ್ತಾರೆ, ಬೇರೆ ಚಾರ್ಜರ್ ಕೊಟ್ಟು ನೋಡುತ್ತಾರೆ, ‘ನಾಳೆ ಬನ್ನಿ ಸಾರ್, ಏನಾಗಿದೆ ಎಂದು ಹೇಳುತ್ತೇವೆ’ ಎನ್ನುತ್ತಾರೆ. ಹತ್ತು ಸಾವಿರ ರೂಪಾಯಿಯ ನೆಟ್‌ಬುಕ್ ಹೋದರೆ ಆನ್ ಕೂಡ ಮಾಡದೆ ‘ಇದಕ್ಕೆ ದುಡ್ಡು ಹಾಕುವುದು ದಂಡ, ಹೊಸದು ತೆಗೆದುಕೊಳ್ಳಿ’ ಎಂದು ಕಳುಹಿಸಿಬಿಡುತ್ತಾರೆ. ನನಗೆ ಇದು ಸಹಿಸಲಾಗದ ವಿಷಯ. ಆ ಹತ್ತು ಸಾವಿರವನ್ನೇ ಹೊಂಚಿಕೊಂಡು ಕೊಟ್ಟ ಮನೆಯವರಿಗೆ ‘ಹೊಸದು ತೆಗೆದುಕೊಳ್ಳಿ’ ಎನ್ನುವುದು ಪರಿಹಾರವಲ್ಲ, ಕೈ ತೊಳೆದುಕೊಳ್ಳುವುದು.

ನಾನು ಮಂಡ್ಯದಲ್ಲಿ ಡಿಟಿಪಿ ಕೆಲಸ ಮಾಡುವವನು. ಲಗ್ನಪತ್ರಿಕೆ, ಕರಪತ್ರ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ, ಇವೇ ನನ್ನ ದಿನಚರಿ. ಮದ್ದೂರಿನ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಎ. ಓದುತ್ತಿರುವ ಅಕ್ಕನ ಮಗಳ ಬಳಿ ಇಂಥದೊಂದು ನೆಟ್‌ಬುಕ್ ಇದೆ. ಒಳಗಿರುವುದು ಇಂಟೆಲ್ ಆಟಮ್ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಸಂಗ್ರಹ. ರ‍್ಯಾಮ್ ಮತ್ತು ಸಂಗ್ರಹ ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಹೆಚ್ಚಿಸಲು ದಾರಿಯಿಲ್ಲ. ಆದರೆ ಚೀಲದಲ್ಲಿ ಪುಸ್ತಕದ ಪಕ್ಕದಲ್ಲೇ ಕೂರುತ್ತದೆ, ಫ್ಯಾನ್ ಇಲ್ಲದ್ದರಿಂದ ಸದ್ದಿಲ್ಲ, ಸಂಜೆ ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ಹಳ್ಳಿಯಲ್ಲಿ ಓದುವ ಮಕ್ಕಳಿಗೆ ಈ ಮೂರು ಗುಣ ಎಷ್ಟು ದೊಡ್ಡದು ಎಂಬುದು ಪಂಪ್‌ಸೆಟ್‌ಗಳು ಶುರುವಾದ ಕೂಡಲೇ ಮನೆಯ ಬಲ್ಬು ಮಂಕಾಗುವುದನ್ನು ಕಂಡವರಿಗೆ ಗೊತ್ತು.

ಅದರಲ್ಲಿದ್ದ ವಿಂಡೋಸ್ 10 ಅಪ್‌ಡೇಟ್ ಆಗುವುದನ್ನೇ ನಿಲ್ಲಿಸಿತ್ತು. 32 ಜಿಬಿಯಲ್ಲಿ ವಿಂಡೋಸ್ ತಾನೇ ಬಹುಪಾಲು ಜಾಗ ಹಿಡಿಯುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಅದನ್ನು ಇಳಿಸಿ ಬಿಚ್ಚಿಕೊಳ್ಳಲು ಜಾಗ ಉಳಿಯುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11 ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ. ಈ ಯಂತ್ರ ಮೊದಲೆರಡರಲ್ಲೇ ಪಾಸಾಗುವುದಿಲ್ಲ. ಅಂಗಡಿಯವರು ಹೇಳಿದ್ದೂ ಅಷ್ಟೇ: ‘ವಿಂಡೋಸ್ ಮುಗಿಯಿತು, ಲಿನಕ್ಸ್ ಇದರಲ್ಲಿ ಏರುವುದಿಲ್ಲ.’

ಮೊದಲರ್ಧ ನಿಜ, ಉಳಿದರ್ಧ ಸುಳ್ಳು. ಲಿನಕ್ಸ್ ಎಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಕಾರ್ಯಾಚರಣೆ ವ್ಯವಸ್ಥೆ. ಲಿನಕ್ಸ್ ಏರುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅನೇಕರು ಇಲ್ಲೇ ಸೋಲುತ್ತಾರೆ. ಈ ಪ್ರೊಸೆಸರ್ 64 ಬಿಟ್‌ನದು. ಆದರೆ ಯಂತ್ರ ಆನ್ ಆದ ಕೂಡಲೇ ಮೊದಲು ಎಚ್ಚರಗೊಳ್ಳುವ ಯುಇಎಫ್‌ಐ ತಂತ್ರಾಂಶವನ್ನು ತಯಾರಕರು 32 ಬಿಟ್‌ನದನ್ನು ಹಾಕಿದ್ದಾರೆ. ಸಾಮಾನ್ಯವಾಗಿ ಎಲ್ಲರೂ ಇಳಿಸಿಕೊಳ್ಳುವ 64 ಬಿಟ್ ಲಿನಕ್ಸ್ ಪೆನ್‌ಡ್ರೈವ್‌ಗಳಲ್ಲಿ ಹೆಚ್ಚಿನವುಗಳಲ್ಲಿ 64 ಬಿಟ್‌ನ ಬೂಟ್ ಕಡತ, ಅಂದರೆ ಯಂತ್ರವನ್ನು ಶುರುಮಾಡುವ ಕಡತ, ಮಾತ್ರ ಇರುತ್ತದೆ. ಹಾಗಾಗಿ ಪೆನ್‌ಡ್ರೈವ್ ಸಿಕ್ಕಿಸಿದರೂ ಬೂಟ್ ಪಟ್ಟಿಯಲ್ಲಿ ಅದರ ಹೆಸರೇ ಕಾಣುವುದಿಲ್ಲ. ನೋಡಿದವರು ಯಂತ್ರವೇ ಒಪ್ಪುತ್ತಿಲ್ಲ ಎಂದುಕೊಳ್ಳುತ್ತಾರೆ. ಲಿನಕ್ಸ್‌ನ ಬಗೆಗಳಲ್ಲಿ ಒಂದಾದ ಡೆಬಿಯನ್‌ನ ಇನ್‌ಸ್ಟಾಲರ್‌ನಲ್ಲಿ ಈ ಬೆರಕೆ ಜೋಡಿಗೆ 2015ರಲ್ಲಿ ಬಂದ ಜೆಸ್ಸಿ ಆವೃತ್ತಿಯಿಂದಲೇ ಬೆಂಬಲವಿದೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ವೈಫೈ ಚಿಪ್‌ಗಳನ್ನು ನಡೆಸಲು ಬೇಕಾದ ಪುಟ್ಟ ತಂತ್ರಾಂಶ (ಫರ್ಮ್‌ವೇರ್) ಕೂಡ ಅಧಿಕೃತ ಇನ್‌ಸ್ಟಾಲರ್‌ನೊಳಗೇ ಸೇರಿದೆ. ನಾನು ಹಾಕಿದ್ದು ಡೆಬಿಯನ್ 12, ಮೇಲೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ವೈಫೈ ತಾನಾಗಿಯೇ ಬಂತು.

ಹುಡುಗಿ ಖುಷಿಯಿಂದ ಮನೆಗೆ ಒಯ್ದಳು. ಆಮೇಲೆ ಫೋನ್ ಬಂತು. ‘ಮಾವ, ಪಿಡಿಎಫ್ ಓದುತ್ತಾ ಕುಳಿತಿದ್ದೆ, ಹಾಗೆಯೇ ನಿಂತುಹೋಯಿತು. ಮೌಸ್ ಕೂಡ ಅಲುಗುತ್ತಿಲ್ಲ.’

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮದ್ದು ಒಂದೇ, ಫಾರ್ಮ್ಯಾಟ್ ಮಾಡಿ. ನಾನು ಇದನ್ನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಫಾರ್ಮ್ಯಾಟ್ ಮಾಡಿದರೆ ದೋಷ ಹೋಗುವುದಕ್ಕಿಂತ ಹೆಚ್ಚಾಗಿ ದೋಷದ ಕುರುಹು ಹೋಗುತ್ತದೆ. ಯಂತ್ರ ನಿಂತುಹೋಗುವುದರಲ್ಲೂ ಬಗೆಗಳಿವೆ. ಅವುಗಳನ್ನು ಬೇರೆ ಮಾಡಿ ನೋಡಲು ದುಡ್ಡು ಬೇಕಿಲ್ಲ, ಗಮನ ಬೇಕು.

ನಾನು ಅವಳಿಗೆ ಹೇಳಿದ್ದು: ‘ಪವರ್ ಬಟನ್ ಒತ್ತಬೇಡಮ್ಮ. ಮೊದಲು ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡು.’ ದೀಪ ಹತ್ತಿ ಆರಿದರೆ ಯಂತ್ರಕ್ಕೆ ಜೀವವಿದೆ, ಯಾವುದೋ ಒಂದು ಪ್ರೋಗ್ರಾಂ ಮಾತ್ರ ಸಿಕ್ಕಿಹಾಕಿಕೊಂಡಿದೆ. ದೀಪ ತಾನೇ ಮಿನುಗುತ್ತಿದ್ದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ತಾನು ಕುಸಿದುಬಿದ್ದಿದ್ದೇನೆಂದು ಹೇಳುತ್ತಿದೆ. ದೀಪ ಪ್ರತಿಕ್ರಿಯಿಸದಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದು ಬಿ ಒತ್ತಬೇಕು (ಕೆಲವು ಕೀಲಿಮಣೆಗಳಲ್ಲಿ ಎಫ್‌ಎನ್ ಕೂಡ ಹಿಡಿಯಬೇಕಾಗುತ್ತದೆ). ಆಗ ರೀಬೂಟ್ ಆದರೆ ಪರದೆಯ ಭಾಗ ಮಾತ್ರ ಸತ್ತು ಕರ್ನೆಲ್ ಬದುಕಿತ್ತು ಎಂದರ್ಥ. ಅದಕ್ಕೂ ಮಿಸುಕದಿದ್ದರೆ ದೋಷ ಇನ್ನೂ ಆಳದಲ್ಲಿದೆ.

ಅವಳ ಯಂತ್ರ ಯಾವುದಕ್ಕೂ ಮಿಸುಕಲಿಲ್ಲ. ಮತ್ತೆ ಆನ್ ಮಾಡಿದ ಮೇಲೆ ಹಿಂದಿನ ಬೂಟ್‌ನ ಲಾಗ್ (ಯಂತ್ರ ತಾನೇ ಬರೆದಿಡುವ ದಾಖಲೆ) ತೆಗೆದು ನೋಡಿದರೆ ನಡುವೆಯೇ ಕತ್ತರಿಸಿದಂತೆ ನಿಂತಿತ್ತು. ದೋಷದ ಒಂದು ಸಾಲೂ ಇರಲಿಲ್ಲ. ಆ ಖಾಲಿತನವೇ ದೊಡ್ಡ ಸುಳಿವು. ಮೆಮೊರಿ ಸಾಲದೆ ಹೋಗಿದ್ದರೆ ಲಾಗ್‌ನಲ್ಲಿ ಸಾಮಾನ್ಯವಾಗಿ ‘ಔಟ್ ಆಫ್ ಮೆಮೊರಿ’ ಎಂದು ಬರುತ್ತದೆ. ಇಎಂಎಂಸಿ ಕೆಡುತ್ತಿದ್ದರೆ ‘ಎಂಎಂಸಿ0’ ಹೆಸರಿನಲ್ಲಿ ಓದುವ ಬರೆಯುವ ತೊಂದರೆಗಳ ಸಾಲುಗಳು ಕಾಣಿಸಿಕೊಳ್ಳುತ್ತವೆ. ರ‍್ಯಾಮ್ ಬಗ್ಗೆಯೂ ಅನುಮಾನ ಉಳಿಯಬಾರದೆಂದು ರಾತ್ರಿಯಿಡೀ ಮೆಮ್‌ಟೆಸ್ಟ್86+ ಓಡಿಸಿದೆ. ಅದರ 6ನೇ ಆವೃತ್ತಿಯಿಂದ ಈ ಯುಇಎಫ್‌ಐ ಯಂತ್ರಗಳಲ್ಲೂ ನಡೆಯುತ್ತದೆ. ಒಂದು ತಪ್ಪೂ ಬರಲಿಲ್ಲ.

ಉಳಿದದ್ದು ಪ್ರೊಸೆಸರ್. ಈ ಆಟಮ್ ಪ್ರೊಸೆಸರ್‌ಗಳ ಸರಣಿಗೆ ಇಂಟೆಲ್ ಇಟ್ಟ ಹೆಸರು ಬೇ ಟ್ರೇಲ್. ಬ್ಯಾಟರಿ ಉಳಿಸಲು ಪ್ರೊಸೆಸರ್ ಕೆಲಸವಿಲ್ಲದ ಕ್ಷಣಗಳಲ್ಲಿ ನಿದ್ದೆಗೆ ಜಾರುತ್ತದೆ. ಆ ಹಂತಗಳಿಗೆ ಸಿ-ಸ್ಟೇಟ್ ಎನ್ನುತ್ತಾರೆ, ಸಿ1 ಹಗುರ ನಿದ್ದೆ, ಸಿ6, ಸಿ7 ಗಾಢ. ಲಿನಕ್ಸ್‌ನಲ್ಲಿ ಬೇ ಟ್ರೇಲ್ ಯಂತ್ರಗಳು ಗಾಢ ನಿದ್ದೆಗೆ ಹೋಗಿ ಬರುವಾಗ ಪೂರ್ತಿ ನಿಂತುಹೋಗುವ ದೋಷ ಪ್ರಸಿದ್ಧವಾದದ್ದು. ಕರ್ನೆಲ್‌ನ ದೋಷಪಟ್ಟಿಯಲ್ಲಿ ಅದರ ಸಂಖ್ಯೆ 109051. ಕೊರಡಿನಂತೆ ಮಲಗಿದವರು ಎಷ್ಟು ಕೂಗಿದರೂ ಏಳದ ಹಾಗೆ, ಒಮ್ಮೆ ನಿಂತ ಯಂತ್ರ ಮತ್ತೆ ಏಳುವುದಿಲ್ಲ. ಏಳದ ಯಂತ್ರ ಲಾಗ್ ಬರೆಯುವುದಾದರೂ ಹೇಗೆ? ಅವಳ ಪಿಡಿಎಫ್ ಕೂಡ ಇದಕ್ಕೆ ಸರಿಯಾಗಿ ಹೊಂದುತ್ತಿತ್ತು. ಪುಟ ತೆರೆದು ಓದುತ್ತಾ ಕುಳಿತಾಗ ಪ್ರೊಸೆಸರ್‌ಗೆ ಕೆಲಸವೇ ಇರುವುದಿಲ್ಲ, ಆಗಲೇ ಅದು ಆಳಕ್ಕೆ ಇಳಿಯುವುದು.

ಪರಿಹಾರ ಒಂದೇ ಸಾಲು. ಲಿನಕ್ಸನ್ನು ಶುರುಮಾಡುವ ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಕರ್ನೆಲ್‌ಗೆ ಗರಿಷ್ಠ ಸಿ-ಸ್ಟೇಟ್ 1 ಎಂದು ಸೂಚನೆ ಬರೆದು, ಗ್ರಬ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಬೇಕು. ಆ ಮೇಲೆ ನೆಟ್‌ಬುಕ್ ಹಾಗೆ ನಿಂತಿಲ್ಲ. ಇದಕ್ಕೆ ತೆರುವ ಬೆಲೆಯನ್ನೂ ಹೇಳಲೇಬೇಕು: ಗಾಢ ನಿದ್ದೆ ತಪ್ಪಿದ್ದರಿಂದ ಬ್ಯಾಟರಿ ಮೊದಲಿಗಿಂತ ಬೇಗ ಇಳಿಯುತ್ತದೆ, ತಳ ಸ್ವಲ್ಪ ಬೆಚ್ಚಗಾಗುತ್ತದೆ. ಬರೆಯುತ್ತಿದ್ದ ಟಿಪ್ಪಣಿ ಕಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಬ್ರೌಸರ್‌ನಲ್ಲಿ ಟ್ಯಾಬ್ ಹೆಚ್ಚಾದಾಗ ತೆವಳುವುದು ಬೇರೆಯದೇ ಕಾಯಿಲೆ, ಅದು 2 ಜಿಬಿಯ ಮಿತಿ. ಝಡ್‌ರ‍್ಯಾಮ್ ಹಾಕಿದರೆ ರ‍್ಯಾಮ್‌ನಲ್ಲಿರುವುದನ್ನೇ ಒತ್ತಿ ಚಿಕ್ಕದು ಮಾಡಿ ಜಾಗ ಹೊಂದಿಸುತ್ತದೆ, ಸಾಕಷ್ಟು ವ್ಯತ್ಯಾಸ ಕಾಣುತ್ತದೆ. ಇಎಂಎಂಸಿ ಎಷ್ಟು ಸವೆದಿದೆ ಎಂಬುದನ್ನೂ ಎಂಎಂಸಿ-ಯುಟಿಲ್ಸ್ ಎಂಬ ಪುಟ್ಟ ಸಲಕರಣೆಯಿಂದ ನೋಡಬಹುದು. ನೋಡಿದ ಮೇಲೆ, ಚೆನ್ನಾಗಿದ್ದರೂ, ಬರೆದದ್ದರ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ. ಆ ಚಿಪ್ ಹೋದರೆ ಬದಲಾಯಿಸಿ ಕೊಡುವವರು ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಕನ್ನಡದ ವಿಷಯ ಬಿಟ್ಟರೆ ಈ ಬರಹ ಅರ್ಧವೇ. ‘ಲಿನಕ್ಸ್ ಹಾಕಿದರೆ ನುಡಿ ಹೋಗುತ್ತದೆ’ ಎಂದು, ಅಂದರೆ ಕನ್ನಡ ಬರೆಯುವ ನುಡಿ ತಂತ್ರಾಂಶ ಕೈತಪ್ಪುತ್ತದೆ ಎಂದು, ಹೆದರಿಸುವವರು ನನ್ನ ವೃತ್ತಿಯಲ್ಲೇ ಇದ್ದಾರೆ. ನುಡಿಯ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಅದು ಐಬಸ್ ಎಂಬ ಟೈಪಿಂಗ್ ಸಲಕರಣೆಯ ಎಂ17ಎನ್ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲೂ ಇದೆ. ಬೆರಳು ಕಲಿತದ್ದನ್ನು ಮರೆಯಬೇಕಿಲ್ಲ. ಅಕ್ಷರಗಳಿಗೆ ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲೇ ಸಿಗುತ್ತವೆ. ನಿಜವಾದ ತೊಡಕು ಹಳೆಯ ನುಡಿ ಕಡತಗಳದು. ಅವುಗಳಲ್ಲಿರುವುದು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರಬೇಕು, ತಂದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ವಿಂಡೋಸ್‌ನಲ್ಲೇ ಉಳಿದರೂ ಒಂದು ದಿನ ಮಾಡಲೇಬೇಕಾದ ಕೆಲಸ ಇದು.

ಅಂಗಡಿಯವರ ಮೇಲೆ ನನಗೆ ಹಗೆಯಿಲ್ಲ. ಬಾಡಿಗೆ ಕಟ್ಟಬೇಕು, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗಿದ್ದರೆ ತಪಾಸಣೆಗೆ ಇಷ್ಟು ಎಂದು ನೇರವಾಗಿ ಕೇಳಲಿ, ನಾವೂ ಚೌಕಾಸಿ ಮಾಡದೆ ಕೊಡೋಣ. ನೋಡಿ ಆದ ಮೇಲೆ ‘ಇದು ಆಗುವುದಿಲ್ಲ’ ಎಂದರೆ ಒಪ್ಪುತ್ತೇನೆ. ನೋಡದೆಯೇ ಹೇಳುವುದನ್ನು ಒಪ್ಪುವುದಿಲ್ಲ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಇಂಥ ನೆಟ್‌ಬುಕ್ ಮೂಲೆಗೆ ಸೇರಿದ್ದರೆ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಯಾವ ಕೆಲಸ ಮಾಡುವಾಗ ನಿಂತುಹೋಗುತ್ತದೆ ಎಂಬುದನ್ನು ಕೆಳಗೆ ಬರೆಯಿರಿ. ಗ್ರಬ್‌ನಲ್ಲಿ ಬರೆಯಬೇಕಾದ ಆ ಒಂದು ಸಾಲನ್ನು ಕೇಳಿದವರಿಗೆಲ್ಲ ಇನ್‌ಬಾಕ್ಸ್‌ಗೆ ಹಾಕುತ್ತೇನೆ. ನೇರವಾಗಿ ಬರುವವರು ಭಾನುವಾರ ಬೆಳಗ್ಗೆ ಬನ್ನಿ, ಆಗ ಕೆಲಸ ಕಡಿಮೆ. ಒಳಗಿರುವ ಫೋಟೊ, ಕಡತಗಳನ್ನು ಮೊದಲೇ ಬೇರೆಡೆ ಉಳಿಸಿಕೊಂಡು ಬನ್ನಿ, ಚಾರ್ಜರ್ ತರುವುದನ್ನು ಮಾತ್ರ ಮರೆಯಬೇಡಿ.