ಸಾಕ್ಸ್ ಹಾಕುವ ಪಾಠ

ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನಾನು ಸಾಕ್ಸ್ ಹಾಕುವುದು ಒಂಟಿಕಾಲಲ್ಲಿ ಕುಣಿಯುತ್ತಾ. ಹಿಮ್ಮಡಿಯ ಭಾಗ ಪಾದದ ಮೇಲಕ್ಕೆ ತಿರುಗಿದ್ದರೂ ಚಿಂತೆಯಿಲ್ಲ. ಶೂ ಒಳಗೆ ಯಾರು ಇಣುಕಿ ನೋಡ್ತಾರೆ? ಆದರೆ ಈಚೆಗೆ ಹೀಗೆ ಕುಣಿಯುವಾಗಲೆಲ್ಲ ಜಾನ್ ವುಡನ್ ನೆನಪಾಗುತ್ತಾರೆ.

ವುಡನ್ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು. 1964ರಿಂದ 1975ರವರೆಗಿನ 12 ವರ್ಷಗಳಲ್ಲಿ ಅವರ ಹುಡುಗರು ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್ಪನ್ನು 10 ಸಲ ಗೆದ್ದರು. ಅದರಲ್ಲಿ 7 ಸಲ ಒಂದರ ಬೆನ್ನಿಗೊಂದು. ಒಮ್ಮೆ ಸತತ 88 ಪಂದ್ಯ ಗೆದ್ದು, 89ನೆಯದರಲ್ಲಿ ನೋತ್ರ್ ಡೇಮ್ ವಿರುದ್ಧ ಒಂದೇ ಒಂದು ಅಂಕದಿಂದ ಸೋತರು. ಆ ಸೋಲೇ ದೊಡ್ಡ ಸುದ್ದಿಯಾಯಿತು!

ಇಂಥ ತಂಡಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನದ ಪಾಠ ಏನು ಗೊತ್ತಾ? ಸಾಕ್ಸ್ ಹಾಕೋದು. ಶಾಲೆಯಲ್ಲೇ ಹೀರೋ ಆಗಿ ಬಂದ ಬಿಲ್ ವಾಲ್ಟನ್‌ನಂಥವರೂ ಕೂತು ಕೇಳಬೇಕಿತ್ತು. ಎಳೆದು ಹಾಕಿ, ಕಿರುಬೆರಳಿನ ಹತ್ತಿರ ಕೈಯಾಡಿಸಿ, ಹಿಮ್ಮಡಿಯ ಹತ್ತಿರ ನೋಡಿ, ಒಂದು ಸುಕ್ಕೂ ಇರಬಾರದು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಪ್ರಾಕ್ಟೀಸ್ ತಪ್ಪುತ್ತದೆ. ಆಮೇಲೆ ಲೇಸಿಗೆ ಎರಡೆರಡು ಗಂಟು. ನಮ್ಮಮ್ಮ ನನಗೆ ಇದನ್ನೆಲ್ಲ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದಳು. ಆದರೂ ನಾನು ಯಾವ ಕಪ್ಪೂ ಗೆಲ್ಲಲಿಲ್ಲ, ಆ ಮಾತು ಬೇರೆ.

ಒಂದು ಅನುಮಾನ ಮಾತ್ರ ಬಿಡುವುದಿಲ್ಲ. ವುಡನ್ ಅಲ್ಲಿಗೆ ಬಂದದ್ದು 1948ರಲ್ಲಿ. ಮೊದಲ ಕಪ್ ಸಿಕ್ಕಿದ್ದು 16ನೇ ಸೀಸನ್ನಿನಲ್ಲಿ. ಹಳೇ ಜಿಮ್ಮಿನಲ್ಲಿ ಒಂದು ಕಡೆ ಕುಸ್ತಿಯವರು, ಇನ್ನೊಂದು ಕಡೆ ಜಿಮ್ನಾಸ್ಟಿಕ್ಸ್‌ನವರು. ನಡುವೆ ಇವರ ಪ್ರಾಕ್ಟೀಸ್. ನೆಲ ಗುಡಿಸಿ ಒರೆಸಲು ಕೋಚ್ ಸಾಹೇಬರೇ ಕೈಹಾಕುತ್ತಿದ್ದರಂತೆ. ಆ 15 ವರ್ಷ ಕಪ್ ಸಿಗದೆ ಹೋದ ಹುಡುಗರೇನು ಸಾಕ್ಸ್ ಹಾಕಿರಲಿಲ್ವಾ? ಗೆಲ್ಲದವರ ಸಾಕ್ಸ್ ಯಾರಿಗೆ ಬೇಕು!

ಇನ್ನು, 7 ಅಡಿ 2 ಅಂಗುಲದ ಲ್ಯೂ ಅಲ್ಸಿಂಡರ್ ನಿಮ್ಮ ತಂಡದಲ್ಲಿದ್ದರೆ ಸಾಕ್ಸ್ ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತದೆ ಅಂತ ನನ್ನ ಲೆಕ್ಕ. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಅಂತ ಹೆಸರಾದವನು ಅವನೇ. ಅವನು ಆಡಿದ 3 ವರ್ಷವೂ ಕಪ್ ಇವರದೇ. 1967ರಲ್ಲಿ, ಚೆಂಡನ್ನು ಮೇಲಿಂದ ಬುಟ್ಟಿಗೆ ತುರುಕುವುದನ್ನೇ ಕಾಲೇಜು ಆಟದಲ್ಲಿ ನಿಷೇಧಿಸಿದರು. ಅವನೊಬ್ಬನನ್ನು ತಡೆಯೋಕೇ ಈ ರೂಲು ಅಂತ ಜನ ಆಡಿಕೊಂಡರು. ಅವನೋ ಸುಮ್ನೆ ಕೊಕ್ಕೆಯಂತೆ ಕೈ ಬಾಗಿಸಿ ಚೆಂಡು ಹಾಕುವುದನ್ನು ಇನ್ನಷ್ಟು ಪಳಗಿಸಿಕೊಂಡ. ಅದನ್ನು ತಡೆಯೋಕೆ ಯಾರಿಗೂ ರೂಲು ಸಿಗಲಿಲ್ಲ.

ಇಷ್ಟೆಲ್ಲ ಕೊಂಕು ತೆಗೆದ ನಾನು ಇವತ್ತು ಬೆಳಿಗ್ಗೆ ಕುರ್ಚಿಯಲ್ಲಿ ಕೂತು, ವುಡನ್ ಹೇಳಿದ ಹಾಗೇ ಸಾಕ್ಸ್ ಎಳೆದೆ. ಕಿರುಬೆರಳಿನ ಹತ್ತಿರ ಸುಕ್ಕಿಲ್ಲ. ಹಿಮ್ಮಡಿಯಲ್ಲೂ ಇಲ್ಲ. ಹೆಬ್ಬೆರಳು ಮಾತ್ರ ತೂತಿನಿಂದ ಆಚೆ ಬಂದು ನನ್ನನ್ನೇ ನೋಡುತ್ತಿತ್ತು.